ಆಯಿಲ್ ಚೀಟಿ

ನಮ್ಮ ಸಂಜೆ ತರಗತಿ ವಿಜಯನಗರದ ಒಂದು ಮನೆಯ ಜಗಲಿಯಲ್ಲಿ ನಡೆಯುತ್ತದೆ. ಬರುವವರು ಹದಿನಾಲ್ಕು ಜನ. ಎಲ್ಲರೂ ಹೆಂಗಸರು. ಮನೆಕೆಲಸ ಮಾಡುವವರು ಇದ್ದಾರೆ. ಗಾರ್ಮೆಂಟ್ಸ್‌ಗೆ ಹೋಗುವವರು ಇದ್ದಾರೆ. ಊದುಬತ್ತಿ ಹೊಸೆಯುವವರು ಇದ್ದಾರೆ. ಹೂ ಮಾರುವ ಒಬ್ಬ ಅಕ್ಕ ಇದ್ದಾರೆ. ನಾವೆಲ್ಲ ಅವರನ್ನು ಹೂವಿನಕ್ಕ ಎಂದು ಕರೆಯುತ್ತೇವೆ.

ಹೂವಿನಕ್ಕನ ಯಜಮಾನರು ಆಟೋ ಓಡಿಸುತ್ತಾರೆ. ಸ್ವಂತ ಆಟೋ. ಆದರೆ ಸೆಕೆಂಡ್ ಹ್ಯಾಂಡ್. ಸಾಲ ಮಾಡಿ ತೆಗೆದುಕೊಂಡಿದ್ದು. ತಿಂಗಳು ತಿಂಗಳು ಕಂತು ಕಟ್ಟಬೇಕು.

ಒಂದು ಸಂಜೆ ಹೂವಿನಕ್ಕ ತಡವಾಗಿ ಬಂದರು. ಸ್ಲೇಟು ತೆಗೆಯಲಿಲ್ಲ. ಮಾತೂ ಆಡಲಿಲ್ಲ.

"ಏನಾಯ್ತಕ್ಕಾ?" ಎಂದು ಕೇಳಿದೆ.

"ಆಟೋ ನಿಂತೋಯ್ತು ಟೀಚರ್. ನಿನ್ನೆ ಕೆಂಗೇರಿಗೆ ಬಾಡಿಗೆ ಹೋಗ್ತಿದ್ರು. ನಾಯಂಡಹಳ್ಳಿ ಹತ್ರ ಕಟಕಟ ಅಂತ ಸದ್ದು ಬಂತಂತೆ. ಆಮೇಲೆ ಇಂಜಿನ್ ಹಿಡ್ಕೊಂಡ್‌ಬಿಡ್ತು. ಮೆಕ್ಯಾನಿಕ್ ಬಿಚ್ಚಿ ನೋಡಿ, ಇಂಜಿನ್ ಸೀಜ್ ಆಗಿದೆ, 15,000 ರೂಪಾಯಿ ಆಗುತ್ತೆ ಅಂದ್ರು."

ಹೇಳುತ್ತಾ ಅವರು ಕಿವಿ ಮುಟ್ಟಿಕೊಂಡರು. ಕಿವಿಯಲ್ಲಿ ಓಲೆ ಇರಲಿಲ್ಲ. ಅಡ ಇಟ್ಟು ಬಂದಿದ್ದರು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದರು. ಮಡಚಿ ಮಡಚಿ ಸವೆದ ಚೀಟಿ.

"ರಾತ್ರಿ ಸಾಲದ ಕಾಗದ ಹುಡುಕ್ತಿದ್ದೆ ಟೀಚರ್. ರೇಷನ್ ಕಾರ್ಡ್ ಒಳಗೆ ಇದು ಸಿಕ್ತು. ನಾನೇ ಓದಿದೆ. ಸರಿಯಾಗಿ ಓದಿದೀನಾ ನೋಡಿ."

ಚೀಟಿಯಲ್ಲಿ ಹೀಗೆ ಬರೆದಿತ್ತು:

ಆಯಿಲ್ ಹಾಕಿದ್ದು: 66,000 ಕಿ.ಮೀ.
ಮುಂದಿನ ಆಯಿಲ್: 71,000 ಕಿ.ಮೀ.

"ಆಟೋ ನಿಂತಾಗ ಮೀಟರ್ ಎಷ್ಟಿತ್ತಕ್ಕಾ?"

"78,600. ಅದನ್ನೂ ನೋಡ್ಕೊಂಡು ಬಂದೆ."

ತರಗತಿ ಸುಮ್ಮನಾಯಿತು. ಯಾರೋ ನಿಧಾನವಾಗಿ ಲೆಕ್ಕ ಹಾಕಿದರು. 78,600ರಲ್ಲಿ 71,000 ಕಳೆದರೆ 7,600. ಅಂದರೆ ಆಯಿಲ್ ಬದಲಿಸಬೇಕಾದ ಮೇಲೆ ಗಾಡಿ ಇನ್ನೂ 7,600 ಕಿಲೋಮೀಟರ್ ಓಡಿತ್ತು.

"ಮೆಕ್ಯಾನಿಕ್ ಕೊಟ್ಟಾಗ ಇವರು ನನ್ನ ಕೈಲಿ ಕೊಟ್ಟು, ಇಟ್ಟಿರು ಅಂದ್ರು. ಬಿಲ್ಲು ಅಂದ್ಕೊಂಡೆ. ಆಗ ನಾನು ಇಲ್ಲಿಗೆ ಸೇರಿರಲಿಲ್ಲ. ಜೋಪಾನವಾಗಿ ಇಟ್ಟಿದ್ದೆ ಟೀಚರ್. ಚೀಟಿ ಮನೇಲೇ ಇತ್ತು. ಓದೋರು ಇರಲಿಲ್ಲ."

ಅವರ ಯಜಮಾನರಿಗೆ ಓದು ಬರುತ್ತದೆ. ಆದರೆ ಬೆಳಿಗ್ಗೆ 6 ಗಂಟೆಗೆ ಹೋದರೆ ರಾತ್ರಿ 10ಕ್ಕೆ ಬರುತ್ತಾರೆ. ಕೊಟ್ಟ ಚೀಟಿ ಅವರಿಗೆ ಮರೆತೇ ಹೋಗಿತ್ತು.

ಅವತ್ತು ನಾವು ಪಾಠ ಬದಲಿಸಿದೆವು. ಆಯಿಲ್ ಬಗ್ಗೆಯೇ ಮಾತಾಡಿದೆವು. ಮಾರನೆಯ ದಿನ ಪಕ್ಕದ ಬೀದಿಯ ಗ್ಯಾರೇಜಿಗೆ ಹೋಗಿ ನೋಡಿದೆವು. ಕೇಳಿದೆವು. ಬರೆದುಕೊಂಡೆವು. ಅದನ್ನೇ ಇಲ್ಲಿ ಬರೆದಿದ್ದೇವೆ. ನೀವೂ ಓದಿ.

ಆಯಿಲ್ ಏನು ಕೆಲಸ ಮಾಡುತ್ತದೆ?

ನಿಮ್ಮ ಎರಡು ಅಂಗೈಗಳನ್ನು ಜೋರಾಗಿ ಉಜ್ಜಿ. ಬಿಸಿ ಆಯಿತಲ್ಲವೇ? ಈಗ ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ. ಕೈ ಜಾರುತ್ತದೆ. ಬಿಸಿ ಕಡಿಮೆ.

ಇಂಜಿನ್ ಒಳಗೂ ಹೀಗೆಯೇ. ಅಲ್ಲಿ ಪಿಸ್ಟನ್ ಎಂಬ ಭಾಗ ಇದೆ. ಅದು ಒಂದು ಕೊಳವೆಯ ಒಳಗೆ ಮೇಲೆ ಕೆಳಗೆ ಓಡುತ್ತದೆ. ಒಂದು ನಿಮಿಷಕ್ಕೆ ಸಾವಿರಾರು ಸಲ ಓಡುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಸವೆಯುತ್ತದೆ. ಕಾದು ಹಿಗ್ಗುತ್ತದೆ. ಕೊನೆಗೆ ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತದೆ. ಇದಕ್ಕೇ ಇಂಜಿನ್ ಸೀಜ್ ಆಯಿತು ಎನ್ನುತ್ತಾರೆ.

ಹಾಗೆ ಆಗದಂತೆ ಆಯಿಲ್ ಕಾಯುತ್ತದೆ. ಆಯಿಲ್‌ಗೆ ನಾಲ್ಕು ಕೆಲಸ.

1. ಭಾಗಗಳ ನಡುವೆ ತೆಳುವಾದ ಪೊರೆಯಂತೆ ನಿಂತು ಸವೆತ ತಡೆಯುತ್ತದೆ.
2. ಬಿಸಿಯನ್ನು ಹೊತ್ತು ಹೊರಗೆ ತರುತ್ತದೆ.
3. ಕೊಳೆ, ಮಸಿ, ಕಬ್ಬಿಣದ ಪುಡಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಳ್ಳುತ್ತದೆ.
4. ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತದೆ.

ಆಯಿಲ್ ಏಕೆ ಕೆಡುತ್ತದೆ?

ನಾವು ಬೋಂಡ ಕರಿಯುತ್ತೇವೆ. ಮೊದಲ ದಿನ ಎಣ್ಣೆ ಹೊಂಬಣ್ಣ. ಅದೇ ಎಣ್ಣೆಯಲ್ಲಿ ಮೂರು ನಾಲ್ಕು ಸಲ ಕರಿದರೆ ಏನಾಗುತ್ತದೆ? ಕಪ್ಪಾಗುತ್ತದೆ. ಜಿಗುಟಾಗುತ್ತದೆ. ತಳದಲ್ಲಿ ಚರಟ ನಿಲ್ಲುತ್ತದೆ.

ಇಂಜಿನ್ ಆಯಿಲ್ ದಿನವೆಲ್ಲ ಕಾಯುತ್ತಲೇ ಇರುತ್ತದೆ. ಮಸಿ ಸೇರುತ್ತದೆ. ಕಬ್ಬಿಣದ ಪುಡಿ ಸೇರುತ್ತದೆ. ಆಯಿಲ್ ಮಾಡುವಾಗ ಅದರಲ್ಲಿ ಕೆಲವು ಔಷಧಿಗಳನ್ನು ಬೆರೆಸಿರುತ್ತಾರೆ. ಕೊಳೆ ಹಿಡಿದಿಡಲು, ತುಕ್ಕು ತಡೆಯಲು ಅವು ಬೇಕು. ದಿನ ಕಳೆದಂತೆ ಅವೂ ಮುಗಿಯುತ್ತವೆ. ಆಗ ಆಯಿಲ್ ಇದ್ದೂ ಇಲ್ಲದಂತೆ.

ಗ್ಯಾಸ್‌ನಲ್ಲಿ ಓಡುವ ಆಟೋದಲ್ಲಿ ಮಸಿ ಕಡಿಮೆ. ಅದಕ್ಕೇ ಆಯಿಲ್ ಬೇಗ ಕಪ್ಪಾಗುವುದಿಲ್ಲ. "ಬಣ್ಣ ಚೆನ್ನಾಗಿದೆ, ಇನ್ನೂ ಓಡಿಸಬಹುದು" ಎಂದು ಕೆಲವರು ಹೇಳುತ್ತಾರೆ. ಇದು ತಪ್ಪು. ಬಣ್ಣ ನೋಡಿ ತೀರ್ಮಾನ ಮಾಡಬಾರದು. ಕಿಲೋಮೀಟರ್ ನೋಡಿ ಮಾಡಬೇಕು.

ಆಟೋದಲ್ಲಿ ಎರಡು ಮೀಟರ್

ಆಟೋದಲ್ಲಿ ಎರಡು ಮೀಟರ್ ಇವೆ. ಒಂದು ಬಾಡಿಗೆ ಮೀಟರ್. ಅದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಹೊಸ ದರ ಬಂತು. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ. ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಈ ಮೀಟರ್ ದುಡ್ಡು ತರುತ್ತದೆ.

ಇನ್ನೊಂದು ಕಿಲೋಮೀಟರ್ ಮೀಟರ್. ಅದು ಡ್ರೈವರ್ ಮುಂದೆ ಇರುತ್ತದೆ. ಬಾಡಿಗೆ ಇರಲಿ, ಇಲ್ಲದಿರಲಿ, ಗಾಡಿ ಓಡಿದರೆ ಇದೂ ಓಡುತ್ತದೆ. ಮುಂದೆ ಬರುವ ಖರ್ಚನ್ನು ಈ ಮೀಟರ್ ಮೊದಲೇ ಹೇಳುತ್ತದೆ. ಆದರೆ ಇದನ್ನು ನೋಡುವವರು ಕಡಿಮೆ.

ಓದುವಾಗ ಒಂದು ಎಚ್ಚರ. ಕೆಲವು ಮೀಟರುಗಳಲ್ಲಿ ಕೊನೆಯ ಅಂಕಿ ಬೇರೆ ಬಣ್ಣದಲ್ಲಿ ಇರುತ್ತದೆ. ಅದು ಕಿಲೋಮೀಟರಿನ ಹತ್ತನೇ ಒಂದು ಭಾಗ. ಅದನ್ನು ಬಿಟ್ಟು ಉಳಿದ ಅಂಕಿ ಓದಿ. ಐದು ಅಂಕಿಯ ಹಳೇ ಮೀಟರ್ 99,999 ಆದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆಗ ಗಾಡಿ ಹೊಸದಾಗಲಿಲ್ಲ. ಲಕ್ಷ ದಾಟಿತು ಎಂದು ಅರ್ಥ.

ಮೀಟರ್ ಕೆಟ್ಟಿದ್ದರೆ ಮೊದಲು ರಿಪೇರಿ ಮಾಡಿಸಿ. ಅಲ್ಲಿಯವರೆಗೆ ದಿನ ಎಣಿಸಿ ಬರೆಯಿರಿ.

ಲೆಕ್ಕ ಮಾಡೋಣ

ಎಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು? ಎಲ್ಲ ಗಾಡಿಗೂ ಒಂದೇ ಲೆಕ್ಕ ಇಲ್ಲ. ಗಾಡಿಯ ಜೊತೆ ಕಂಪನಿ ಒಂದು ಪುಸ್ತಕ ಕೊಟ್ಟಿರುತ್ತದೆ. ಅದರಲ್ಲಿ ಬರೆದಿರುತ್ತದೆ. ಪುಸ್ತಕ ಕಳೆದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಹೂವಿನಕ್ಕನ ಆಟೋಗೆ ಮೆಕ್ಯಾನಿಕ್ 5,000 ಕಿಲೋಮೀಟರ್ ಎಂದು ಹೇಳಿದ್ದಾರೆ. ಆಟೋ ದಿನಕ್ಕೆ ಸುಮಾರು 100 ಕಿಲೋಮೀಟರ್ ಓಡುತ್ತದೆ.

5,000ವನ್ನು 100ರಿಂದ ಭಾಗಿಸಿ. 50 ಬಂತು. ಅಂದರೆ 50 ದಿನಕ್ಕೆ ಒಂದು ಸಲ ಆಯಿಲ್ ಬದಲಿಸಬೇಕು.

ಒಂದು ಸಲಕ್ಕೆ 600 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳಿ. 600ನ್ನು 50 ದಿನಕ್ಕೆ ಹಂಚಿ. ದಿನಕ್ಕೆ 12 ರೂಪಾಯಿ. ಒಂದು ಟೀ ದುಡ್ಡು.

ಈಗ 15,000 ರೂಪಾಯಿ ನೋಡಿ. ಅದರಲ್ಲಿ 600 ರೂಪಾಯಿಯ ಆಯಿಲ್ ಎಷ್ಟು ಸಲ ಹಾಕಿಸಬಹುದು? 25 ಸಲ. 25 ಸಲ ಎಂದರೆ 1,250 ದಿನ. ಮೂರು ವರ್ಷಕ್ಕಿಂತ ಹೆಚ್ಚು. ಜೊತೆಗೆ ಆಟೋ ಗ್ಯಾರೇಜಿನಲ್ಲಿ ಎಂಟು ದಿನ ನಿಂತಿತ್ತು. ಆ ಎಂಟು ದಿನ ಸಂಪಾದನೆ ಇಲ್ಲ. ಕಂತು ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಮಾತು. ಸಿಗ್ನಲ್‌ನಲ್ಲಿ, ಜಾಮ್‌ನಲ್ಲಿ ಗಾಡಿ ನಿಂತಿರುತ್ತದೆ. ಇಂಜಿನ್ ಓಡುತ್ತಿರುತ್ತದೆ. ಆಗ ಮೀಟರ್ ಏರುವುದಿಲ್ಲ. ಆದರೆ ಆಯಿಲ್ ಕಾಯುತ್ತದೆ. ಅದಕ್ಕೇ ಹೇಳಿದ ಕಿಲೋಮೀಟರ್ ದಾಟಿಸಬೇಡಿ. ನಾಲ್ಕು ದಿನ ಮೊದಲೇ ಬದಲಿಸಿದರೆ ನಷ್ಟವಿಲ್ಲ.

ಕಡ್ಡಿ ನೋಡುವುದು ಹೇಗೆ?

ಇಂಜಿನ್‌ನಲ್ಲಿ ಆಯಿಲ್ ಎಷ್ಟಿದೆ ಎಂದು ನೋಡಲು ಒಂದು ಕಡ್ಡಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಸಣ್ಣ ಗಾಜಿನ ಕಿಂಡಿ ಇರುತ್ತದೆ. ಇದನ್ನು ಯಾರು ಬೇಕಾದರೂ ನೋಡಬಹುದು. ಇದಕ್ಕೆ ಗಂಡಸರೇ ಬೇಕಿಲ್ಲ.

ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ. ಇಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಡಿ. ಆಯಿಲ್ ಕೆಳಗೆ ಇಳಿಯಲಿ. ಕಡ್ಡಿ ತೆಗೆದು ಬಟ್ಟೆಯಿಂದ ಒರೆಸಿ. ಮತ್ತೆ ಹಾಕಿ. ಮತ್ತೆ ತೆಗೆದು ನೋಡಿ. ತಿರುಪಿನ ಕಡ್ಡಿಯಾದರೆ ಅದನ್ನು ತಿರುಗಿಸಿ ನೋಡಬೇಕೋ, ಸುಮ್ಮನೆ ಇಟ್ಟು ನೋಡಬೇಕೋ ಎಂದು ಮೆಕ್ಯಾನಿಕ್ ಹತ್ತಿರ ಒಂದು ಸಲ ಕೇಳಿಕೊಳ್ಳಿ.

ಕಡ್ಡಿಯ ಮೇಲೆ ಎರಡು ಗೆರೆ ಇರುತ್ತವೆ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಗಾಡಿ ಓಡಿಸಬಾರದು. ಮೇಲಿನ ಗೆರೆ ದಾಟಿಯೂ ತುಂಬಬಾರದು. ಅದೂ ಇಂಜಿನ್‌ಗೆ ಒಳ್ಳೆಯದಲ್ಲ.

ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಇಂಜಿನ್ ಮುಳುಗಿದರೆ ಸ್ಟಾರ್ಟ್ ಮಾಡಲೇಬೇಡಿ. ತಳ್ಳಿಕೊಂಡು ಗ್ಯಾರೇಜಿಗೆ ಹೋಗಿ.

ಹಳೇ ಗಾಡಿಗೆ ಹೆಚ್ಚು ನಿಗಾ

ತುಂಬ ಓಡಿದ ಇಂಜಿನ್ ಒಳಗೆ ಸವೆದಿರುತ್ತದೆ. ಅದು ಸ್ವಲ್ಪ ಸ್ವಲ್ಪವೇ ಆಯಿಲ್ ಸುಡುತ್ತದೆ. ಎಲ್ಲೋ ಸೋರುತ್ತದೆ. ಹೂವಿನಕ್ಕನ ಆಟೋದಲ್ಲೂ ಹೀಗೆ ಆಗಿತ್ತು. ಆಯಿಲ್ ಹಳೆಯದಾಗಿತ್ತು. ಕಡಿಮೆಯೂ ಆಗಿತ್ತು.

ಅವರ ಯಜಮಾನರು ನಡುವೆ ಒಂದು ಸಲ ಅರ್ಧ ಲೀಟರ್ ಆಯಿಲ್ ಹಾಕಿಸಿದ್ದರು. ಅದೇ ಸಾಕು ಎಂದುಕೊಂಡಿದ್ದರು. ಆದರೆ ಮೇಲೆ ಹಾಕುವುದು ಬೇರೆ. ಬದಲಿಸುವುದು ಬೇರೆ. ಹಳಸಿದ ಸಾರಿಗೆ ಹೊಸ ಸಾರು ಬೆರೆಸಿದರೆ ಹಳಸಲು ಹೋಗುತ್ತದೆಯೇ? ಹಳೇ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಬೇಕು. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿದರೆ ಕೊಳೆ ಚೆನ್ನಾಗಿ ಬರುತ್ತದೆ. ಆಯಿಲ್ ಫಿಲ್ಟರ್ ಅಂದರೆ ಆಯಿಲ್ ಸೋಸುವ ಜಾಲರಿ. ಅದನ್ನೂ ಪುಸ್ತಕದಲ್ಲಿ ಹೇಳಿದಂತೆ ತೊಳೆಯಬೇಕು ಅಥವಾ ಬದಲಿಸಬೇಕು. ಗಾಳಿ ಸೋಸುವ ಏರ್ ಫಿಲ್ಟರ್ ಕೂಡ ಚೊಕ್ಕಟವಾಗಿರಲಿ.

ಮನೆಯಲ್ಲೇ ಮಾಡಬಹುದಾದ ಕೆಲಸ ಇದೆ. ಬೆಳಿಗ್ಗೆ ರಂಗೋಲಿ ಹಾಕುವಾಗ ಗಾಡಿ ನಿಂತ ಜಾಗ ನೋಡಿ. ನೆಲದ ಮೇಲೆ ಆಯಿಲ್ ಕಲೆ ಇದೆಯೇ? ಇದ್ದರೆ ಸೋರುತ್ತಿದೆ. ಸ್ಟಾರ್ಟ್ ಮಾಡಿದಾಗ ಹೊಗೆ ನೋಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಅಥವಾ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಟಕಟ ಸದ್ದು ಹೊಸದಾಗಿ ಬಂದರೆ ಗಾಡಿ ನಿಲ್ಲಿಸಿ ಕಡ್ಡಿ ನೋಡಿ. ಹಳೇ ಗಾಡಿಯ ಕಡ್ಡಿಯನ್ನು ವಾರಕ್ಕೊಂದು ಸಲವಾದರೂ ನೋಡಬೇಕು.

ಹಳೆಯ ಎರಡು ಸ್ಟ್ರೋಕ್ ಸ್ಕೂಟರ್, ಮೊಪೆಡ್‌ಗಳ ರೀತಿ ಬೇರೆ. ಅವುಗಳಲ್ಲಿ ಆಯಿಲ್ ಪೆಟ್ರೋಲ್ ಜೊತೆ ಸೇರಿ ಉರಿದು ಹೋಗುತ್ತದೆ. ಕರೆಂಟಿನ ಆಟೋದಲ್ಲಿ ಇಂಜಿನ್ ಆಯಿಲ್ ಇರುವುದೇ ಇಲ್ಲ.

ಹಳೆಯದಾದರೆ ಗಾಡಿ ಕೆಡಲೇಬೇಕು ಎಂದೇನಿಲ್ಲ. ನಮ್ಮ ಬಿ.ಎಂ.ಟಿ.ಸಿ. ಬಸ್ಸು ನೋಡಿ. ಒಂದೊಂದು ಬಸ್ಸೂ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆ. ಹೇಗೆ? ಡಿಪೋದಲ್ಲಿ ಬಸ್ಸು ಓಡಿದ ಕಿಲೋಮೀಟರ್ ಬರೆದಿಡುತ್ತಾರೆ. ಲೆಕ್ಕ ತುಂಬಿದಾಗ ಆಯಿಲ್ ಬದಲಿಸುತ್ತಾರೆ. ಕೆಂಗೇರಿಯಲ್ಲಿ ಕೆ.ಎಸ್.ಆರ್.ಟಿ.ಸಿ.ಯ ದೊಡ್ಡ ವರ್ಕ್‌ಶಾಪೇ ಇದೆ. ನಮಗೆ ವರ್ಕ್‌ಶಾಪ್ ಬೇಡ. ಒಂದು ನೋಟ್‌ಬುಕ್ ಸಾಕು.

ಡಬ್ಬಿ ಮೇಲೆ ಏನು ಬರೆದಿದೆ?

ಆಯಿಲ್ ಡಬ್ಬಿಯ ಮೇಲೆ ಇಂಗ್ಲಿಷ್ ಇರುತ್ತದೆ. ಹೆದರಬೇಡಿ. ಮೊದಲು ಅಂಕಿ ಓದಿ. 20 ಮತ್ತು 40 ಎಂದೋ, 20 ಮತ್ತು 50 ಎಂದೋ, 10 ಮತ್ತು 30 ಎಂದೋ ಇರುತ್ತದೆ. ಮೊದಲ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಎರಡನೆಯದು ಕಾದಾಗ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂದು ಹೇಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಯಾವ ಅಂಕಿ ಇದೆಯೋ ಅದೇ ಡಬ್ಬಿಯ ಮೇಲೂ ಇರಬೇಕು.

ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ಕಿತು ಎಂದು ಆಟೋಗೆ, ಬೈಕಿಗೆ ಹಾಕಬೇಡಿ. ಬಹಳಷ್ಟು ಬೈಕ್, ಆಟೋಗಳಲ್ಲಿ ಕ್ಲಚ್ ಪ್ಲೇಟ್ ಕೂಡ ಅದೇ ಆಯಿಲ್‌ನಲ್ಲಿ ಇರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಡಬ್ಬಿಯ ಸೀಲ್ ನೋಡಿ. ಬೆಲೆ ಓದಿ. ತಯಾರಾದ ತಿಂಗಳು, ವರ್ಷ ಓದಿ. ನಿಮ್ಮ ಕಣ್ಣೆದುರೇ ಡಬ್ಬಿ ಒಡೆಯಲಿ. ಖಾಲಿಯಾದ ಮೇಲೆ ಡಬ್ಬಿಗೆ ತೂತು ಮಾಡಿ. ಇಲ್ಲದಿದ್ದರೆ ಅದೇ ಡಬ್ಬಿಗೆ ನಕಲಿ ಆಯಿಲ್ ತುಂಬಿ ಮಾರುವವರೂ ಇದ್ದಾರೆ.

ಇಳಿಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ?

ಒಬ್ಬ ಅಕ್ಕ ಹೇಳಿದರು: "ನಮ್ ಬೀದೀಲಿ ಮೋರಿಗೇ ಸುರೀತಾರೆ ಟೀಚರ್."

ಆ ಮೋರಿ ಎಲ್ಲಿಗೆ ಹೋಗುತ್ತದೆ? ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮೋರಿಗಳು ರಾಜಕಾಲುವೆ ಸೇರುತ್ತವೆ. ರಾಜಕಾಲುವೆ ವೃಷಭಾವತಿ ನದಿ ಸೇರುತ್ತದೆ. ಹೂವಿನಕ್ಕನ ಆಟೋ ನಿಂತಿತಲ್ಲ, ಆ ನಾಯಂಡಹಳ್ಳಿ ಹತ್ತಿರವೇ ನದಿ ಹರಿಯುತ್ತದೆ. ನಾವು ಮೂಗು ಮುಚ್ಚಿಕೊಂಡು ದಾಟುತ್ತೇವೆ. ನದಿ ಅಲ್ಲಿಂದ ಕೆಂಗೇರಿ ದಾಟುತ್ತದೆ. ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಬೈರಮಂಗಲದ ರೈತರು ಆ ನೀರಿನಲ್ಲೇ ಬೆಳೆ ಬೆಳೆದಿದ್ದಾರೆ. ಅವರೂ ನಮ್ಮಂಥ ಹೆಂಗಸರು, ಗಂಡಸರೇ.

ಹಳೇ ಆಯಿಲ್ ವಿಷ. ಅದನ್ನು ಒಲೆಗೆ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ದಿನವೂ ಚರ್ಮಕ್ಕೆ ತಾಗಿದರೆ ಚರ್ಮದ ರೋಗ ಬರುತ್ತದೆ. ಕ್ಯಾನ್ಸರ್ ಕೂಡ ಬರಬಹುದು. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ. ಆಯಿಲ್ ಆದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಹಳೇ ಆಯಿಲ್ ಅನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅನುಮತಿ ಇರುವವರೇ ಆ ಕೆಲಸ ಮಾಡಬೇಕು. ಆದ್ದರಿಂದ ಆಯಿಲ್ ಬದಲಿಸುವಾಗ ಗ್ಯಾರೇಜಿನವರನ್ನು ಕೇಳಿ: "ಅಣ್ಣಾ, ಹಳೇ ಆಯಿಲ್ ಏನ್ ಮಾಡ್ತೀರಾ?" ಡ್ರಮ್ಮಿನಲ್ಲಿ ಕೂಡಿಟ್ಟು ಅನುಮತಿ ಇರುವವರಿಗೆ ಕೊಡುವ ಗ್ಯಾರೇಜಿಗೇ ಹೋಗಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಮೋರಿಗೆ ಸುರಿಯಲು ಯೋಚಿಸುತ್ತಾರೆ.

ಹೂವಿನಕ್ಕನ ನೋಟ್‌ಬುಕ್

ಈಗ ಹೂವಿನಕ್ಕನ ಹತ್ತಿರ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಆ ಹಳೇ ಚೀಟಿ ಅಂಟಿಸಿದ್ದಾರೆ. ಅದರ ಕೆಳಗೆ ಅವರದೇ ಅಕ್ಷರ:

ಇಂಜಿನ್ ರಿಪೇರಿ, ಹೊಸ ಆಯಿಲ್: 78,600
ರಿಪೇರಿ ಆದ ಮೇಲೆ ಮೊದಲ ಬದಲಾವಣೆ: 79,100
ಆಮೇಲೆ ಬದಲಿಸಿದ್ದು: 84,100
ಮುಂದಿನದು: 89,100

ದಿನವೂ ರಾತ್ರಿ ಯಜಮಾನರು ಬಂದ ಮೇಲೆ ಹೂವಿನಕ್ಕ ಟಾರ್ಚ್ ಹಿಡಿದು ಮೀಟರ್ ನೋಡುತ್ತಾರೆ. ಬರೆಯುತ್ತಾರೆ. ಒಂದು ಡಬ್ಬಿಗೆ 12 ರೂಪಾಯಿ ಹಾಕುತ್ತಾರೆ.

ಮೊದಮೊದಲು ಯಜಮಾನರು ನಕ್ಕರಂತೆ. "ನೀನೇನು ಆರ್.ಟಿ.ಓ.ನಾ?" ಎಂದರಂತೆ.

"ನಗ್ರೀ ಪರವಾಗಿಲ್ಲ. ಓಲೆ ನನ್ದು" ಎಂದರಂತೆ ಹೂವಿನಕ್ಕ.

ಕಳೆದ ವಾರ ಅವರು ತರಗತಿಗೆ ಬಂದು ಹೇಳಿದರು: "ಇವತ್ತು ಬೆಳಿಗ್ಗೆ ಇವರೇ ಕೇಳಿದ್ರು ಟೀಚರ್. ಲೇ, ಆಯಿಲ್‌ಗೆ ಇನ್ನೂ ಎಷ್ಟಿದೆ ನೋಡು ಅಂದ್ರು."

"ಎಷ್ಟಿತ್ತಕ್ಕಾ?"

"ಮೀಟರ್ 87,600. ಇನ್ನು 1,500 ಇದೆ. ಹದಿನೈದು ದಿನ."

ಓಲೆ ಇನ್ನೂ ಅಡದಲ್ಲಿದೆ. ಸಾಲ ಇನ್ನೂ ತೀರಿಲ್ಲ. ಆದರೆ ಆಟೋ ಓಡುತ್ತಿದೆ.

ನೆನಪಿಡಿ

ಆಯಿಲ್ ಬದಲಿಸಿದ ದಿನವೇ ಕಿಲೋಮೀಟರ್ ಬರೆದಿಡಿ.
ಬಣ್ಣ ನೋಡಿ ನಂಬಬೇಡಿ. ಮೀಟರ್ ನೋಡಿ.
ಹಳೇ ಗಾಡಿಯ ಕಡ್ಡಿ ವಾರಕ್ಕೊಮ್ಮೆ ನೋಡಿ.
ಮೇಲೆ ಹಾಕಿದರೆ ಬದಲಿಸಿದಂತೆ ಅಲ್ಲ.
ಹಳೇ ಆಯಿಲ್ ಮೋರಿಗೆ ಬೇಡ.
ಮನೆಗೆ ಬಂದ ಯಾವ ಚೀಟಿಯನ್ನೂ ಓದದೆ ಇಡಬೇಡಿ.

ಈ ಪದಗಳನ್ನು ಗಟ್ಟಿಯಾಗಿ ಓದಿ

ಚೀಟಿ, ಕಡ್ಡಿ, ಡಬ್ಬಿ, ಗೆರೆ, ಮೋರಿ, ಹೊಗೆ, ಕಬ್ಬಿಣ, ತುಕ್ಕು, ಇಂಜಿನ್, ಪಿಸ್ಟನ್, ಗ್ಯಾರೇಜ್, ವೃಷಭಾವತಿ

ಉತ್ತರ ಬರೆಯಿರಿ

1. ಇಂಜಿನ್ ಸೀಜ್ ಆಗುವುದು ಎಂದರೇನು?
2. ನೀಲಿ ಹೊಗೆ ಬಂದರೆ ಏನು ತಿಳಿಯಬೇಕು?
3. ನಿಮ್ಮ ಬೀದಿಯ ಮೋರಿ ನೀರು ಎಲ್ಲಿಗೆ ಹೋಗುತ್ತದೆ? ಕೇಳಿ ತಿಳಿದು ಬರೆಯಿರಿ.

ಲೆಕ್ಕ ಮಾಡಿ

ಒಂದು ಬೈಕಿಗೆ 42,500 ಕಿಲೋಮೀಟರಿನಲ್ಲಿ ಆಯಿಲ್ ಬದಲಿಸಿದರು. 3,000 ಕಿಲೋಮೀಟರಿಗೆ ಒಮ್ಮೆ ಬದಲಿಸಬೇಕು. ಇವತ್ತು ಮೀಟರ್ 44,900 ತೋರಿಸುತ್ತಿದೆ. ಇನ್ನು ಎಷ್ಟು ಕಿಲೋಮೀಟರ್ ಓಡಿಸಬಹುದು?

ಮನೆಯಲ್ಲಿ ಮಾಡಿ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವ ಒಂದು ಗಾಡಿಯ ಮೀಟರ್ ಓದಿ. ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ ಎಂದು ಕೇಳಿ. ಎರಡನ್ನೂ ಬರೆದುಕೊಂಡು ನಾಳೆ ತರಗತಿಗೆ ತನ್ನಿ.